ಜರಿ ಹಾರ ಮತ್ತು ಭೀಮಣ್ಣನ ಎಡಗೈ

ಕಾರು ಕಂಪನಿಯ ದೂರು ನಿವಾರಣಾ ಅಧಿಕಾರಿಗಳಾದ ಮಾನ್ಯರೇ,

ಭೀಮಣ್ಣನ ಎಡಗೈ ಎರಡು ಕಡೆ ಮುರಿದಿದೆ. ಒಂದು ಮುರಿತ ನಿಮ್ಮ ಕಾರಿನದು, ಇನ್ನೊಂದು ನನ್ನದು. ನನ್ನದನ್ನು ನಾನು ಪೊಲೀಸ್ ಠಾಣೆಗೆ ಹೋಗಿ ಬರೆದುಕೊಟ್ಟು ಬಂದಿದ್ದೇನೆ. ನಿಮ್ಮದನ್ನು ಒಂದು ಸಾಲಿನಲ್ಲಿ ಬರೆದುಕೊಡಿ ಎಂದು ಐದು ಸಲ ಕೇಳಿದೆ. ಐದು ಸಲವೂ ನೀವು ನನ್ನ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಹೇಳಿದಿರಿ. ಕೈ ಮುರಿದದ್ದು ಅಭಿಪ್ರಾಯವಲ್ಲ, ಮಾನ್ಯರೇ. ಆ ಐದು ಪತ್ರಗಳನ್ನು ಬಾಡಿಗೆ ಇಂಗ್ಲಿಷಿನಲ್ಲಿ ಬರೆಸಿದ್ದೆ. ವ್ಯಾಪಾರ ನಾನು ಮರಾಠಿಯಲ್ಲಿ ಮಾಡುತ್ತೇನೆ. ಸಿಟ್ಟು ಮಾತ್ರ ನನಗೆ ಬರುವುದು ಕನ್ನಡದಲ್ಲಿ. ಆದ್ದರಿಂದ ಈ ಆರನೆಯದನ್ನು ಕನ್ನಡದಲ್ಲೇ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಸೋಲಾಪುರದ ಬಟ್ಟೆ ವ್ಯಾಪಾರಿ. ಅಕ್ಕಲಕೋಟ ತಾಲ್ಲೂಕಿನ ವಾಗದರಿಯಲ್ಲಿ ನಮ್ಮ ಹೊಲವಿದೆ, ವಾರಕ್ಕೆರಡು ಸಲ ಹೋಗಿಬರಬೇಕು. ಬಲ ಮೊಣಕಾಲು ನೋವಿನವನು. ನಿಮ್ಮ ಶೋರೂಮಿನವರು ಹೇಳಿದ್ದು ಇಷ್ಟು: ಈ ಕಾರಿಗೆ ಕ್ರೂಸ್ ಕಂಟ್ರೋಲ್ ಇದೆ, ಎಂಬತ್ತಕ್ಕೆ ಇಟ್ಟು ಕಾಲು ತೆಗೆದು ಆರಾಮಾಗಿ ಕೂಡಿರಿ, ಮುಂದೆ ವಾಹನ ಬಂದರೆ ಕಾರು ತಾನೇ ನೋಡಿ ವೇಗ ಇಳಿಸುತ್ತದೆ, ಗಂಡಾಂತರ ಕಂಡರೆ ತಾನೇ ಬ್ರೇಕ್ ಹಾಕುತ್ತದೆ. ನೋಡುವ ಕಣ್ಣು ಎಲ್ಲಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾರಿನ ಮೂತಿಯ ಮೇಲೆ ನಿಮ್ಮ ಕಂಪನಿಯ ದುಂಡನೆಯ ಬಿಲ್ಲೆ ಇದೆಯಲ್ಲ, ಅದರ ಹಿಂದೆ ರಾಡಾರ್ ಇದೆ ಎಂಬುದು ಮ್ಯಾನ್ಯುಅಲ್ಲಿನ ಮುನ್ನೂರ ನಲವತ್ತೇಳನೆಯ ಪುಟದಲ್ಲಿದೆ. ಬಿಲ್ಲೆಯ ಮುಂದೆ ಯಾವ ವಸ್ತುವನ್ನೂ ಇಡಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ.

ಯುಗಾದಿ ಪಾಡ್ಯದ ದಿನ ಗಾಡಿ ಕೊಟ್ಟಿರಿ. ಕೊಡುವಾಗ ಕಾಯಿ ಒಡೆಸಿದಿರಿ, ಗಾಲಿಗೆ ನಿಂಬೆಹಣ್ಣು ಇಟ್ಟಿರಿ. ನಿಮ್ಮ ಮ್ಯಾನೇಜರರು ಸ್ವಂತ ಕೈಯಿಂದ ಕಾರಿನ ಮೂತಿಗೆ ಒಂದು ದೊಡ್ಡ ಜರಿ ಹಾರ ಕಟ್ಟಿದರು. ಹಾರ ಸರಿಯಾಗಿ ಆ ಬಿಲ್ಲೆಯ ಮೇಲೆ ಇಳಿಬಿದ್ದಿತ್ತು. ನಮ್ಮ ಅವ್ವ ಇಂದುಬಾಯಿಗೆ ಪರಮಾನಂದ. ನಾವೆಲ್ಲ ನಿಂತು ಫೋಟೊ ತೆಗೆಸಿಕೊಂಡೆವು. ಆ ಫೋಟೊ ಇವತ್ತಿಗೂ ನಿಮ್ಮ ಶೋರೂಮಿನ ಗೋಡೆಯ ಮೇಲಿದೆ. ಅದರಲ್ಲಿ ನಮ್ಮ ಹಲ್ಲುಗಳು ಕಾಣುತ್ತವೆ, ಬಿಲ್ಲೆ ಕಾಣುವುದಿಲ್ಲ.

ಮೂರನೆಯ ದಿನ ವಳಸಂಗದ ಹತ್ತಿರ, ಮುಂದೆ ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ, ಕಾರು ಕೀ ಎಂದು ಕೂಗಿ ತಾನಾಗಿ ಬ್ರೇಕ್ ಹೊಡೆಯಿತು. ನನ್ನ ಹಣೆ ಸ್ಟೀರಿಂಗಿಗೆ ಬಡಿಯುವುದೊಂದು ಬಾಕಿ. ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿಯ ಪದ್ಧತಿ ಏನೆಂದರೆ ಗಾಡಿ ಬಂದ ಕೂಡಲೇ ಮೊದಲು ತೊಳೆಯುವುದು, ಆಮೇಲೆ ನೋಡುವುದು. ತೊಳೆಯುವ ಮುಂಚೆ ಹಾರ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಓಡಿಸಿ ನೋಡಿದರೆ ದೋಷ ಎಲ್ಲಿಂದ ಸಿಗಬೇಕು? ನಿಮ್ಮ ಸರ್ವಿಸ್ ಅಡ್ವೈಸರ್ ಯುವರಾಜ ಹಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಭಕ್ತಿಯಿಂದ ಎರಡೂ ಕೈಯಲ್ಲಿ ಕೊಟ್ಟು ಹೇಳಿದ: "ಸಾಹೇಬ್ರ, ಗಾಡಿ ಏಕದಮ್ ಓಕೆ ಅದ. ಸಾಫ್ಟ್‌ವೇರ್ ಹೊಸದು ಹಾಕೀವ್ರಿ. ಬಿಂದಾಸ್ ಓಡಸ್ರಿ." ಜಾಬ್ ಕಾರ್ಡಿನ ಮೇಲೆ "ದೋಷ ಕಂಡುಬಂದಿಲ್ಲ, ಗ್ರಾಹಕರು ತೃಪ್ತರು" ಎಂದು ಬರೆದಿತ್ತು. ಸಹಿ ಹಾಕಿದೆ. ಗಾಡಿ ನಿಜಕ್ಕೂ ಸರಿಯಾಗಿ ಓಡಿತು, ಅಮಾವಾಸ್ಯೆಯವರೆಗೆ.

ನಮ್ಮ ಕಡೆ ಪ್ರತಿ ಅಮಾವಾಸ್ಯೆಗೆ ಗಾಡಿಗೆ ಪೂಜೆ ಮಾಡುತ್ತಾರೆ. ನಮ್ಮಂಥ ವ್ಯಾಪಾರಸ್ಥರ ಮನೆಯಲ್ಲಿ ಅದು ತಪ್ಪುವುದಿಲ್ಲ. ಹಳೆಯ ಹಾರವನ್ನು ಅವ್ವ ಹೊಲದ ಬಾವಿಗೆ ಬಿಟ್ಟಿದ್ದಳು. ಹೊಸದು ತಂದು ಅದೇ ಜಾಗದಲ್ಲಿ ಕಟ್ಟಿದಳು. ಎರಡೇ ದಿನಕ್ಕೆ ಮತ್ತೆ ಬ್ರೇಕ್. ಮತ್ತೆ ಸರ್ವಿಸ್ ಸೆಂಟರ್, ಮತ್ತೆ ಸ್ನಾನ, ಮತ್ತೆ ತೃಪ್ತಿ. ಮರುತಿಂಗಳೂ ಅದೇ ಕಥೆ. ಅವ್ವನ ಪ್ರಕಾರ ಕಾರಣ ಸ್ಪಷ್ಟವಿತ್ತು: "ಗಾಡಿಗಿ ಮಂದಿ ದೃಷ್ಟಿ ಬಿದ್ದದ. ಈ ಸಲ ಅಮಾಸಿಗಿ ದಪ್ಪನ್ನ ಹಾರ ಕಟ್ತೀನಿ." ಕಟ್ಟಿದಳು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದು.

ಇನ್ನು ಅಪಘಾತದ ದಿನಕ್ಕೆ ಬರುತ್ತೇನೆ. ಇಲ್ಲಿಂದ ಮುಂದೆ ನಿಮ್ಮ ತಪ್ಪು ಎಲ್ಲಿ ಮುಗಿಯುತ್ತದೆ, ನನ್ನದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ದಯವಿಟ್ಟು ಗಮನವಿಟ್ಟು ಓದಿ.

ಬೆಳಗಿನ ಹನ್ನೊಂದು ಗಂಟೆ. ವಾಗದರಿಯಿಂದ ಸೋಲಾಪುರಕ್ಕೆ ಬರುತ್ತಿದ್ದೆ, ಅವ್ವ ಹಿಂದಿನ ಸೀಟಿನಲ್ಲಿದ್ದಳು. ಯುವರಾಜ ಬಿಂದಾಸ್ ಎಂದಿದ್ದರಿಂದ ಎಂಬತ್ತಕ್ಕೆ ಇಟ್ಟು ಕಾಲು ತೆಗೆದಿದ್ದೆ. ಕುಂಭಾರಿಯ ಅಲ್ಲೀಕಡೆ ಕಾರು ಕೂಗಿತು, ನೆಲಕ್ಕೆ ಕಚ್ಚಿಕೊಂಡಂತೆ ನಿಂತಿತು. ಹಿಂದೆ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಮಾರ್ಕೆಟ್ ಯಾರ್ಡಿಗೆ ಹೊರಟಿದ್ದ ಪಿಕಪ್ ಇತ್ತು. ಅದರ ಚಾಲಕ ಬೋರಾಮಣಿಯ ಭೀಮಣ್ಣ. ತಪ್ಪಿಸಲು ಎಡಕ್ಕೆ ಎಳೆದ, ನನ್ನ ಕಾರಿನ ಹಿಂಬದಿಗೆ ಗುದ್ದಿ ತಗ್ಗಿಗೆ ಉರುಳಿದ. ಅವ್ವನ ಹಣೆ ಮುಂದಿನ ಸೀಟಿಗೆ ಹೊಡೆದು ಒಡೆಯಿತು, ಮುಖದ ತುಂಬ ರಕ್ತ. ನಾನು ಅದನ್ನು ನೋಡಿದೆ, ಕಾರಿನ ಹಿಂದಿನ ಡಿಕ್ಕಿ ತೆರೆದು ಗಾಲಿ ಬಿಚ್ಚುವ ಪಾನಾ ತೆಗೆದೆ.

ಭೀಮಣ್ಣ ಒಡೆದ ಗಾಜಿನೊಳಗಿಂದ ಆಗಷ್ಟೇ ತೆವಳಿ ಹೊರಬಂದಿದ್ದ. ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಕೊರಳಪಟ್ಟಿ ಹಿಡಿದು ಎಬ್ಬಿಸಿ ಕಪಾಳಕ್ಕೆ ಹೊಡೆದೆ. ಅವನು ಬಿದ್ದ. ಹೊಟ್ಟೆಗೆ ಒದ್ದೆ. "ಅಣ್ಣಾ, ಬ್ರೇಕ್ ನೀವ ಹೊಡದ್ರಿ! ನಿಮ್ಮ ಮುಂದ ಯಾರೂ ಇದ್ದಿಲ್ರಿ!" ಎಂದು ಅವನು ಕೂಗುತ್ತಿದ್ದ. "ಬ್ರೇಕಿನ ಮ್ಯಾಲ ನಾ ಕಾಲೇ ಇಟ್ಟಿಲ್ಲಲೇ ಮಗನ!" ಎಂದು ನಾನು ಕೂಗುತ್ತಿದ್ದೆ. ಇಬ್ಬರ ಮಾತೂ ನಿಜವಾಗಿತ್ತು. ಪಾನಾ ಎತ್ತಿದೆ. ತಲೆ ಕಾಯಲು ಅವನು ಮುರಿದ ಕೈಯನ್ನೇ ಅಡ್ಡ ಹಿಡಿದ. ಸದ್ದು ನನಗೆ ಕೇಳಿಸಿತು. ಆಮೇಲೆ ದಾರಿಹೋಕರು ಬಂದರು. ಬಂದವರು ಬಿಡಿಸಲಿಲ್ಲ, ಕಾರಿನವನ ಪಕ್ಷ ವಹಿಸಿ ಅವರೂ ನಾಲ್ಕು ಹಾಕಿದರು. ಹಾಕಿದ ಕೈಗಳೇ ಆಮೇಲೆ ಚೆಲ್ಲಿದ ಉಳ್ಳಾಗಡ್ಡಿಯನ್ನು ಚೀಲಕ್ಕೆ ತುಂಬಿಕೊಂಡು ಹೋದವು.

ಪೊಲೀಸರು ಬಂದು ಕೇಳಿದರು: "ಬ್ರೇಕ್ ಹಾಕಿದಿರಾ?" "ಇಲ್ಲ" ಎಂದೆ. ಅಷ್ಟು ನಿಜ ಹೇಳಿ ಉಳಿದದ್ದನ್ನು ನುಂಗಿದೆ. ಈ ಕಾರು ಮೂರು ಸಲ ತಾನಾಗಿ ನಿಂತಿದೆ, ಮೂರು ಜಾಬ್ ಕಾರ್ಡು ನನ್ನ ಬಳಿ ಇವೆ ಎಂದು ಹೇಳಬಹುದಿತ್ತು. ನನಗೆ ಗೊತ್ತಿತ್ತು, ಮಾನ್ಯರೇ. ಹೊಡೆಯುವಾಗಲೂ ಗೊತ್ತಿತ್ತು. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಎಫ್‌ಐಆರ್ ಆಯಿತು. ಅವನ ಮೈಮೇಲಿನ ಗಾಯಗಳೆಲ್ಲ ಪಿಕಪ್ ಉರುಳಿದ್ದರಿಂದ ಆದವು ಎಂದು ಬರೆದರು. ಭೀಮಣ್ಣನ ಲೈಸೆನ್ಸ್ ಅಮಾನತ್ತಾಯಿತು. ಸಾಕ್ಷಿಗೆ ಸಹಿ ಹಾಕಿದ ಪಂಚರು ಯಾರೆಂದು ಕೇಳುತ್ತೀರಾ? ನನ್ನ ಜೊತೆ ಸೇರಿ ಅವನನ್ನು ಹೊಡೆದವರೇ.

ದೋಷ ಹುಡುಕಿದ್ದು ನಿಮ್ಮ ಎಂಜಿನಿಯರರಲ್ಲ, ನನ್ನ ಹೆಂಡತಿ ಸುವರ್ಣಾ. ಹಾಲು ಬರದ ದಿನ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕುವುದು ಅವಳ ರೂಢಿ. ಗಾಡಿ ಕೈಕೊಟ್ಟ ದಿನಗಳಿಗೂ ಒಂದು ಕಾಟು ಗುರುತು ಹಾಕಿದ್ದಳು. ಒಂದು ದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದುಕೊಂಡು ಬಂದು ನನ್ನ ಮುಂದಿಟ್ಟಳು. "ನೋಡ್ರಿ, ಮೊದಲನೇದು ಗಾಡಿ ತಂದ ವಾರದಾಗ. ಉಳದದ್ದೆಲ್ಲ ಅಮಾಸಿ ಆದ ವಾರದಾಗ. ದೃಷ್ಟಿ ಅಂದ್ರ ದಿನಾ ಬೀಳಬೇಕು. ಅಮಾಸಿಗಿ ನಾವು ಗಾಡಿಗಿ ಏನ ಮಾಡತೀವಿ, ಅದನ್ನ ಹುಡುಕ್ರಿ."

ಹಿಂಬದಿ ರಿಪೇರಿಯಾಗಿ ಬಂದ ಕಾರನ್ನು ಬೋರಾಮಣಿ ರಸ್ತೆಗೆ ಒಯ್ದೆವು. ಕುಂಭಾರಿಯ ರಸ್ತೆಗೆ ಹೋಗಲು ನನಗೆ ಧೈರ್ಯವಿರಲಿಲ್ಲ. ಹಿಂದೆ ಯಾವ ವಾಹನವೂ ಇಲ್ಲವೆಂದು ಸುವರ್ಣಾ ತಿರುಗಿ ನೋಡಿ ಹೇಳಿದ ಮೇಲೆಯೇ ಕಾಲು ತೆಗೆಯುತ್ತಿದ್ದೆ. ಹೊಸ ಜರಿ ಹಾರ ಕಟ್ಟಿ ಆರು ಸಲ ಓಡಿಸಿದೆವು, ನಾಲ್ಕು ಸಲ ಬ್ರೇಕ್ ಬಿತ್ತು. ಹಾರ ಬಿಚ್ಚಿ ಐದು ಸಲ ಓಡಿಸಿದೆವು, ಒಮ್ಮೆಯೂ ಇಲ್ಲ. ಜರಿಯನ್ನೆಲ್ಲ ಕಿತ್ತು ಬರೀ ದಾರ ಕಟ್ಟಿದೆವು, ಆಗಲೂ ಇಲ್ಲ. ಗಾಳಿಗೆ ಹಾರ ಎದ್ದು ಬಿಲ್ಲೆಯ ಮುಂದೆ ಕುಣಿದಾಗ ಕಾರಿಗೆ ಎದುರಿಗೆ ಏನೋ ಬಂದಂತೆ ಕಾಣುತ್ತಿತ್ತು. ತೊಳೆಯಲು ಹಾರ ಬಿಚ್ಚಿದರೆ ದೋಷವೂ ಮಾಯ. ಮೂವತ್ತು ವರ್ಷದಿಂದ ಜರಿ ಅಂಚಿನ ಸೀರೆ ಮಾರುವವನು ನಾನು. ಈಗಿನ ಜರಿ ಎಂದರೆ ಪ್ಲಾಸ್ಟಿಕ್ ಎಳೆಗೆ ಬಳಿದ ಲೋಹ ಎಂದು ದಿನಾ ಗಿರಾಕಿಗಳಿಗೆ ಹೇಳುವವನು. ಅದೇ ಲೋಹವನ್ನು ಗಾಡಿಯ ಕಣ್ಣಿಗೆ ಕಟ್ಟಿಕೊಂಡು ಓಡಾಡಿದೆ. ನಾಚಿಕೆಯಾಗುತ್ತದೆ.

ಈ ಪತ್ತೇದಾರಿಯ ಹುಮ್ಮಸ್ಸಿನಲ್ಲಿ ಬೋರಾಮಣಿಗೆ ಭೀಮಣ್ಣನ ಮನೆಗೇ ಹೋದೆ. ಅವನು ಹಗ್ಗದ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಕೈಗೆ ರಾಡು ಹಾಕಿದ್ದಾರೆ, ಎರಡು ಬೆರಳು ಮಡಚುವುದಿಲ್ಲ. ಅದು ಗೇರ್ ಹಾಕುವ ಕೈ. ನನ್ನನ್ನು ನೋಡಿದ್ದೇ ಆ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ತಪ್ಪು ನಿನ್ನದಲ್ಲ, ಹಾರದ್ದು, ಕಾರಿಗೆ ಎದುರಿನದು ಸರಿಯಾಗಿ ಕಾಣಲಿಲ್ಲ ಎಂದು ಹೇಳಿದೆ. ಅವನ ಹೆಂಡತಿ ಗುರುಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಖರೆ ಅದರಿ ಸಾವಕಾರ್ರ. ಗಾಡಿ ಕಣ್ಣಿಗಿ ಹಾರ ಅಡ್ಡ ಬಂದಿತ್ತು. ನಿಮ್ಮ ಕಣ್ಣಿಗಿ ಏನ ಅಡ್ಡ ಬಂದಿತ್ರಿ?"

ಅಲ್ಲಿಂದ ನೆಟ್ಟಗೆ ಠಾಣೆಗೆ ಹೋದೆ. ದಾರಿಯಲ್ಲಿ ಫೋನ್ ಮಾಡಿದಾಗ ವಕೀಲರು ಬೇಡವೆಂದರೂ ಪಾನಾದ ವಿಷಯ ಸಮೇತ ಎಲ್ಲ ಬರೆದುಕೊಟ್ಟೆ. ನನ್ನ ಮೇಲಿನ ಪ್ರಕರಣ ನಾನು ಎದುರಿಸುತ್ತೇನೆ. ಆದರೆ ಭೀಮಣ್ಣನ ಮೇಲಿನ ಪ್ರಕರಣ ಹಾಗೇ ಇದೆ. "ನಿಮ್ಮ ಬಾಯಿಮಾತು ಸಾಲದು, ಕಾರು ತಾನೇ ಬ್ರೇಕ್ ಹಾಕಿದ್ದಕ್ಕೆ ಕಂಪನಿಯ ಕಾಗದ ತನ್ನಿ" ಎಂದರು ಠಾಣೆಯ ಸಾಹೇಬರು. ಆ ಕ್ಷಣದಲ್ಲಿ ಬ್ರೇಕ್ ಒತ್ತಿದ್ದು ಕಾಲೋ ಯಂತ್ರವೋ ಎಂಬುದು ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ ಎಂದು ಯುವರಾಜನೇ ಒಮ್ಮೆ ಬಾಯಿಬಿಟ್ಟಿದ್ದ. ಅದನ್ನೇ ನಿಮ್ಮಲ್ಲಿ ಕೇಳಿದೆ.

ಐದನೆಯ ಉತ್ತರದಲ್ಲಿ ಧನ್ಯವಾದದ ಕೆಳಗೆ ಎರಡು ಸಾಲು ಹೆಚ್ಚಿಗೆ ಇದ್ದವು: "ಸದರಿ ಘಟನೆಯು ಗ್ರಾಹಕರು ಅಳವಡಿಸಿದ ಅನಧಿಕೃತ ಅಲಂಕಾರದಿಂದ ಉಂಟಾಗಿರಬಹುದು. ಸದರಿ ದಾಖಲೆಯು ಕಂಪನಿಯ ಆಸ್ತಿಯಾಗಿರುತ್ತದೆ." ಅನಧಿಕೃತವೇ? ನಿಮ್ಮ ಮ್ಯಾನೇಜರರು ಕಟ್ಟಿದಾಗ ಮಂಗಳಕರ, ನಮ್ಮವ್ವ ಕಟ್ಟಿದಾಗ ಅನಧಿಕೃತವೇ? ಮೂರು ಸಲ ಆ ಹಾರವನ್ನು ಬಿಚ್ಚಿದ ನಿಮ್ಮವರಲ್ಲಿ ಒಬ್ಬರಿಗಾದರೂ ಬಿಚ್ಚುವ ಮುಂಚೆ ಗಾಡಿ ಓಡಿಸಿ ನೋಡೋಣ ಎನ್ನಿಸಲಿಲ್ಲವೇ? ಆ ಉತ್ತರ ಓದಿದ ಅರ್ಧ ಗಂಟೆಯಲ್ಲಿ ನಿಮ್ಮ ಸರ್ವಿಸ್ ಸೆಂಟರಿನ ಗಾಜಿನ ಮೇಜನ್ನು ಕುರ್ಚಿಯಿಂದ ಒಡೆದವನು ನಾನೇ. ಕುರ್ಚಿ ಎರಡನೆಯ ಸಲ ಎತ್ತಿದಾಗ ಎದುರಿಗೆ ಯುವರಾಜನಿದ್ದ. ಅವನು ಎಡಗೈ ತಲೆಗೆ ಅಡ್ಡ ಹಿಡಿದ. "ಸಾಹೇಬ್ರ, ತೊಳದ ಮ್ಯಾಲೇ ನೋಡಬೇಕು ಅನ್ನೂದು ಮ್ಯಾಲಿನವ್ರ ಹುಕುಂ ಅದರಿ. ನಂದೇನ ತಪ್ಪದ?" ಎಂದ. ಕುಂಭಾರಿಯಲ್ಲಿ ಕಂಡ ಕೈಯೇ ಮತ್ತೆ ಕಂಡಿತು. ಕುರ್ಚಿ ಇಳಿಸಿದೆ. ಮೇಲಿನವರು ಅಂದರೆ ನೀವು. ನಿಮ್ಮನ್ನು ನಾನು ಕಂಡಿಲ್ಲ, ಕಾಣದಿರುವುದು ಇಬ್ಬರಿಗೂ ಒಳ್ಳೆಯದು. ಸಿಟ್ಟು ಬಂದಾಗಲೆಲ್ಲ ನನ್ನ ಕೈಗೆ ಸಿಗುವವರು ಭೀಮಣ್ಣ, ಯುವರಾಜರಂಥವರೇ ಎಂಬುದು ನನಗೆ ತಡವಾಗಿ ತಿಳಿಯಿತು.

ಆಯುಧಪೂಜೆಯ ಖಂಡೇನವಮಿ ಹತ್ತಿರ ಬಂದಿದೆ. ಅಂದು ಸೋಲಾಪುರ, ಅಕ್ಕಲಕೋಟಗಳ ಒಂದೊಂದು ಗಾಡಿಗೂ ಹಾರ ಬೀಳುತ್ತದೆ. ಮರುದಿನ ದಸರೆಗೆ ನಿಮ್ಮ ಶೋರೂಮಿನಿಂದ ಹೊಸ ಕಾರುಗಳು ಸಾಲುಗಟ್ಟಿ ಹೊರಡುತ್ತವೆ, ನಿಮ್ಮ ಮ್ಯಾನೇಜರರ ಕೈಯಲ್ಲಿ ಜರಿ ಹಾರಗಳು ಸಿದ್ಧವಿರುತ್ತವೆ. ಒಂದೊಂದು ಕಾರಿನ ಹಿಂದೆಯೂ ಯಾರದೋ ಪಿಕಪ್ ಇರುತ್ತದೆ. ಆದ್ದರಿಂದ ಅದಕ್ಕೆ ಮುಂಚೆ ಬಿಲ್ಲೆಯ ಮುಂದೆ ಏನೂ ಕಟ್ಟಬೇಡಿ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಶೋರೂಮಿನ ಬಾಗಿಲಿಗೆ ಹಚ್ಚಿ. ಸರ್ವಿಸ್ ಸೆಂಟರಿನಲ್ಲಿ ಗಾಡಿಯನ್ನು ಬಂದ ಸ್ಥಿತಿಯಲ್ಲೇ ಮೊದಲು ಓಡಿಸಿ ನೋಡಲು ಹೇಳಿ. ಗೋಡೆಯ ಮೇಲಿನ ನಮ್ಮ ಫೋಟೊ ಇಳಿಸಿ.

ಮತ್ತು ಆ ಒಂದು ಸಾಲು ಕೊಡಿ. ಬ್ರೇಕ್ ಹಾಕಿದ್ದು ಕಾರು, ಹಿಂದಿದ್ದ ಚಾಲಕನ ತಪ್ಪಿಲ್ಲ, ಇಷ್ಟೇ. ಕೆಳಗೆ ಸಹಿ, ಮೊಹರು. ಭೀಮಣ್ಣನ ಬೆರಳುಗಳನ್ನು ನೀವೂ ಮರಳಿಸಲಾರಿರಿ, ನಾನೂ ಮರಳಿಸಲಾರೆ. ಆದರೆ ಆ ಕಾಗದ ಹಿಡಿದು ಬೋರಾಮಣಿಗೆ ಹೋದಾಗ, ನನ್ನ ಕಂಡು ಅವನು ಕೈಯನ್ನು ಬೆನ್ನ ಹಿಂದೆ ಮುಚ್ಚಿಡಬಾರದು. ನನಗೆ ಬೇಕಾದದ್ದು ಅಷ್ಟೇ.

ಇಂತಿ,
ನಿಮ್ಮ ಮೂರು ಜಾಬ್ ಕಾರ್ಡುಗಳ ತೃಪ್ತ ಗ್ರಾಹಕ,
ಒಂದು ಕೈಯನ್ನು ಎರಡನೆಯ ಸಲ ಮುರಿದ
ಉದಯಕುಮಾರ, ಸೋಲಾಪುರ