ಎರಡು ಚಮಚ ಮಣ್ಣಿನ ತಿಳಿ

ನವೆಂಬರ್ ೧೪, ಶುಕ್ರವಾರ

ಬ್ಯಾಕ್ಟೀರಿಯಾ ಕುರಿತ ಸಂಶೋಧನಾ ಪೇಪರ್ ಪ್ರಕಟವಾಗಿದೆ. ಮೊದಲ ಹೆಸರು ಹೊಸ ವಿದ್ಯಾರ್ಥಿ ಮಾಧವನದು, ಕೊನೆಯದು ನನ್ನ ಗೈಡ್ ವಿಮಲಾ ಮೇಡಂ ಅವರದು. ನನ್ನ ಹೆಸರು ಎಲ್ಲೂ ಇಲ್ಲ. ಫೋಟೋದಲ್ಲಿ ಅದನ್ನು ಬೆಳೆಸಿದ ಗಾಜಿನ ಪ್ಲೇಟಿನ ಅಂಚಿನಲ್ಲಿ ಮಾತ್ರ ನನ್ನ ಕೈಬರಹ ಹಾಗೆಯೇ ಇದೆ. ಅದನ್ನಾದರೂ ಅಳಿಸಬಾರದಿತ್ತೇ?

ಸುಬ್ರಹ್ಮಣ್ಯಪುರದ ಖಾಲಿ ಸೈಟಿನಲ್ಲಿ ಯಾರೋ ಬೆಳೆದಿದ್ದ ರಾಗಿಯ ಬೇರಿನಿಂದ ಆ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದು ನಾನು. ಮೂರು ವರ್ಷ ಸಾಕಿದ್ದೂ ನಾನೇ. "ಇದು ನಿನ್ ಕೂಸು ಕಣಮ್ಮ" ಎಂದು ಇದೇ ಮೇಡಂ ನಗುತ್ತಿದ್ದರು.

ಸಂಜೆ ಅವರದೇ ಫೋನು. "ಮಧುಮತಿ, ನೀನು ಲ್ಯಾಬ್ ಬಿಟ್ಮೇಲೆ ಅದು ಬೆಳೀತಾನೇ ಇಲ್ಲಮ್ಮ. ಪ್ಲೇಟಿಗೆ ಬೇರೆ ಏನಾದ್ರೂ ಹಾಕ್ತಿದ್ಯಾ?"

ಹಾಕುತ್ತಿದ್ದೆ. ಅದೇ ಸೈಟಿನ ಮಣ್ಣು ಕುದಿಸಿ, ಸೋಸಿ, ಎರಡು ಚಮಚ ತಿಳಿ. ಆ ತಿಳಿಯಿಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ನೋಟ್‌ಬುಕ್ಕಿನಲ್ಲಿ ಬರೆಯುವುದನ್ನೇ ಮರೆತಿದ್ದೆ.

"ಪೇಪರಲ್ಲಿ ನೀವೇ ಬರ್ದಿದ್ದೀರಲ್ಲ ಮೇಡಂ, ಅಷ್ಟೇ ಹಾಕ್ತಿದ್ದೆ" ಎಂದೆ.

ಫೋನಿಟ್ಟಾಗ ಗೆದ್ದೆ ಅನ್ನಿಸಿತ್ತು. ಈಗ ಹಾಗನ್ನಿಸುತ್ತಿಲ್ಲ. ಅಲ್ಲಿ ಅದು ಹಸಿದುಕೊಂಡೇ ಸಾಯುತ್ತದೆ. ಪಾಪ, ಅದು ನನಗೇನು ದ್ರೋಹ ಮಾಡಿತ್ತು?