ಅಂಗಡಿ ರಜೆಯ ದಿನದ ಮಾತ್ರೆ

ಸೋಮವಾರ, ಮಾರ್ಚ್ 3

ಸಲೂನಿಗೆ ವಾರದ ರಜೆ. ಕತ್ತರಿಗಳಿಗೆ ಎಣ್ಣೆ ಬಿಟ್ಟೆ. ಆಮೇಲೆ ಹೆಂಡತಿಗೆ ಹಳದಿ ಮಾತ್ರೆ — ಆರು. ಬಿಳಿಯದು ದಿನವೂ. ಹಳದಿ ವಾರಕ್ಕೊಮ್ಮೆ ಮಾತ್ರ, ಅಪ್ಪಿತಪ್ಪಿಯೂ ಎರಡು ಸಲ ಕೂಡದು. ಹತೋಟಿಗೆ ಬಂದಿರುವ ರಕ್ತದ ಕ್ಯಾನ್ಸರ್ ತಿರುಗಿ ಬರದಿರಲೆಂದು ಇವೆರಡು. "ಕ್ಯಾಲೆಂಡರಲ್ಲಿ ಗುರುತು ಹಾಕಿ ಯಜಮಾನ್ರೇ" ಎಂದಿದ್ದರು ಆಸ್ಪತ್ರೆಯ ಸಿಸ್ಟರ್. ಮೂವತ್ತು ವರ್ಷದಿಂದ ಸೋಮವಾರ ಬಾಗಿಲು ಹಾಕುವವನಿಗೆ ಕ್ಯಾಲೆಂಡರ್ ಯಾಕೆ? ಅಂಗಡಿ ಮುಚ್ಚಿದ ದಿನ ಹಳದಿ. ಮುಗಿಯಿತು.

ಇವಳ ಕೂದಲು ಬೆರಳಗಲ ಬೆಳೆದಿದೆ. ಹೋದ ವರ್ಷ ನಾನೇ ಬೋಳಿಸಿದ್ದು. "ಈಗ್ಲೇ ಕತ್ತರಿ ತರ್ಬೇಡಿ, ನಿಮ್ಮ ಚಾಳಿ ನಂಗೊತ್ತು" ಎನ್ನುತ್ತಾಳೆ.

ಗುರುವಾರ, ಮಾರ್ಚ್ 6

ಬೀದಿಯ ಪೈಪ್ ಒಡೆದು ನೀರಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲೇ. ಕತ್ತರಿಗೆ ಎಣ್ಣೆ. ಇವಳಿಗೆ ಮಾತ್ರೆ — ಬಿಳಿ, ಹಳದಿ. ಮಧ್ಯಾಹ್ನ ಸಣ್ಣ ನಿದ್ದೆ. ಹಾಯೆನಿಸಿತು.

ಶುಕ್ರವಾರ, ಮಾರ್ಚ್ 7. ಬೆಳಿಗ್ಗೆ 11

ಅಯ್ಯೋ ದೇವರೇ.

ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದೆ. "ನಿನ್ನೆ ಯಾಕೆ ಬಾಗ್ಲು ಹಾಕಿದ್ರಿ? ಸೋಮವಾರ ಅಲ್ವಲ್ಲ?" ಎಂದ. ಕೈ ಅಲ್ಲೇ ನಿಂತಿತು. ಅರ್ಧ ಗಡ್ಡ ಕೆರೆದು, ಕ್ಷಮೆ ಕೇಳಿ ಓಡಿ ಬಂದೆ. ಸೋಮವಾರ ಒಡೆದ ಹಳದಿ ಮಾತ್ರೆಯ ಡಬ್ಬಿ. ಪಟ್ಟಿಯಲ್ಲಿ ಹನ್ನೆರಡು ಗುಳಿ ಖಾಲಿ, ಆರೇ ಇರಬೇಕಿತ್ತು.

ಇವಳು ಗುನುಗುತ್ತಾ ಬಟ್ಟೆ ಮಡಚುತ್ತಿದ್ದಾಳೆ. ಆಸ್ಪತ್ರೆಗೆ ಫೋನ್ ಮಾಡಬೇಕು. ಬೈಯುತ್ತಾರೆ. ನೋಡಲು ಚೆನ್ನಾಗೇ ಇದ್ದಾಳಲ್ಲ... ಸಂಜೆಯವರೆಗೆ ಕಾಯಲೇ?

ಮಧ್ಯಾಹ್ನ 1.15

ಎರಡು ಗಂಟೆ ಹಾಳು ಮಾಡಿದೆ. ಹೇಡಿ.

"ಏನ್ರೀ, ದೆವ್ವ ಬಡಿದೋರ ಥರ ಕೂತಿದ್ದೀರಾ?" ಎಂದಳು. ಹೇಳಿಬಿಟ್ಟೆ. ಡಬ್ಬಿ ತೆಗೆದುಕೊಂಡು ಖಾಲಿ ಗುಳಿ ಎಣಿಸಿದಳು. ಆಮೇಲೆ — "ಫೋನ್ ಕೊಡಿ ಇಲ್ಲಿ." ಅವಳೇ ಮಾಡಿದಳು. ಸಿಸ್ಟರ್ ದನಿ ನನಗೂ ಕೇಳಿಸಿತು: "ಈಗ್ಲೇ ಹೊರಡಿ. ಡಬ್ಬಿನೂ ತನ್ನಿ. ಗೊತ್ತಾದ ತಕ್ಷಣ ಯಾಕೆ ಹೇಳ್ಲಿಲ್ಲ?"

ಭಾನುವಾರ, ಮಾರ್ಚ್ 9

ಎರಡು ದಿನ ವಾರ್ಡಿನಲ್ಲಿ. ಹಳದಿಯ ವಿಷ ಇಳಿಸುವ ಔಷಧಿ, ಡ್ರಿಪ್, ಪದೇ ಪದೇ ರಕ್ತ ಪರೀಕ್ಷೆ. ಈಗ ಮನೆ. ಎರಡೂ ಮಾತ್ರೆ ಸದ್ಯಕ್ಕೆ ಬಂದ್. ಮುಂದಿನ ವಾರ ಬಿಳಿ ರಕ್ತಕಣ ಇಳಿಯಬಹುದಂತೆ, ಬಾಯಿ ಹುಣ್ಣಾಗಬಹುದಂತೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರೆ ನುಂಗಿ ಅದನ್ನು ಅಡಗಿಸಬಾರದು, ಯಾವ ಹೊತ್ತಾದರೂ ಬರಬೇಕು. ಕ್ಯಾಲೆಂಡರ್ ತಂದು ನೇತುಹಾಕಿದೆ.

"ಕೊನೆಗೂ ಕೊಂಡ್ರಲ್ಲ" ಎಂದು ನಕ್ಕಳು. ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ, ಮಾರ್ಚ್ 14. ಸಂಜೆ 5.30

ನಾಲ್ಕು ದಿನದಿಂದ ಬರೆದಿಲ್ಲ. ಇವಳ ಬಾಯಿತುಂಬ ಹುಣ್ಣು, ನೀರು ನುಂಗಿದರೂ ಕಣ್ಣಲ್ಲಿ ನೀರು. ನಿನ್ನೆಯ ರಿಪೋರ್ಟಿನಲ್ಲಿ ರಕ್ತಕಣ ಕಡಿಮೆ. ಥರ್ಮಾಮೀಟರ್ 37.8.

"ಒಂದು ಜ್ವರದ ಮಾತ್ರೆ ಕೊಡ್ರೀ. ನಾಳೆ ತಂಗಿ ಬರ್ತಾಳೆ, ಆಗ ಹೋಗೋಣ. ಪುನಃ ಆ ವಾರ್ಡು ಬೇಡ."

ಹೋದ ಶುಕ್ರವಾರ ನಾನೂ ಹೀಗೇ ಅಂದುಕೊಂಡಿದ್ದೆ. ಕೊಡಲಿಲ್ಲ. ಮುಖ ತಿರುಗಿಸಿದಳು.

5.55

38.2. ಫೋನ್ ಮಾಡಿದೆ. ಈ ಸಲ ನಾನೇ. ಬರಲು ಹೇಳಿದರು. ಟ್ಯಾಕ್ಸಿ ಐದು ನಿಮಿಷದಲ್ಲಿ. ಬೇರೆ ಡಾಕ್ಟರಿದ್ದರೆ ತಡವರಿಸಬಾರದು, ಇಲ್ಲೇ ಬರೆದುಕೊಂಡು ಹರಿದು ಒಯ್ಯುತ್ತೇನೆ —

ಹಳದಿ ಮಾತ್ರೆ: ಮಾರ್ಚ್ 3, ಆರು. ಮಾರ್ಚ್ 6, ಪುನಃ ಆರು. ತಪ್ಪು ಅವಳದಲ್ಲ. ಕೊಟ್ಟವನು ನಾನು.