ಬಾನೆಟ್ಟಿನ ಒಳಗಿನ ಚೀಟಿ

ನವೆಂಬರ್ 7, 1993. ಭಾನುವಾರ, ಮಧ್ಯಾಹ್ನ 2

ಮತ್ತೆ ಟ್ರಕ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಅಂಗಳದಲ್ಲಿ, ಕಿಟಕಿ ಎರಡು ಬೆರಳು ಇಳಿಸಿ. ಇಂಜಿನ್ ಓಡುತ್ತಿದ್ದರೆ ಮಾತ್ರ ಡೆಲ್ಲಾ ಮಲಗುತ್ತಾಳೆ. ಐದು ತಿಂಗಳ ಕೂಸಿಗೆ ಆರು ಸಿಲಿಂಡರಿನ ಜೋಗುಳ. ಅವಳು ಮಲಗಿದರೆ ನನಗೂ ಒಂದು ಗಂಟೆ ನಿದ್ದೆ. ಇಡೀ ದಿನಕ್ಕೆ ಅಷ್ಟೇ.

ಈಗ ಅದೂ ಹೋಯಿತು. ಇಂಜಿನ್ ಸುಸ್ಸ್ ಎನ್ನುತ್ತದೆ, ಎರಡು ನಿಮಿಷಕ್ಕೊಮ್ಮೆ ಎಗರುತ್ತದೆ. ಮಗು ಬೆಚ್ಚಿ ಏಳುತ್ತದೆ. ನಿನ್ನೆ ಆಯಿಲ್ ಬದಲಾಯಿಸುವಾಗ ಮಾವ ಹೇಳಿದರು, "ಇಂಜಿನ್ನಿನ ಈ ಸಣ್ಣ ರಬ್ಬರ್ ಪೈಪುಗಳು, ವ್ಯಾಕ್ಯೂಮ್ ಪೈಪು, ಒಡೆದಿವೆ, ಗಾಳಿ ನುಗ್ತಿದೆ. ಮುಂದಿನ ವಾರ ಒಂದೊಂದಾಗಿ ಬದಲಾಯಿಸ್ತೀನಿ."

ಮುಂದಿನ ವಾರದ ತನಕ ಯಾರು ಬದುಕಿರುತ್ತಾರೆ... ಹೊಸ ಪೈಪಿನ ಸುರುಳಿ ಸೀಟಿನ ಹಿಂದೆಯೇ ಇದೆ.

ನವೆಂಬರ್ 8. ಬೆಳಿಗ್ಗೆ 11

ಹಾಕಿದೆ. ಒಂದೊಂದಾಗಿ ಅಲ್ಲ — ಎಲ್ಲವನ್ನೂ ಕಿತ್ತು ಬಕೆಟ್ಟಿಗೆ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂದು ಬಾನೆಟ್ಟಿನ ಒಳಗೆ ಕಂಪನಿಯವರೇ ನಕ್ಷೆಯ ಚೀಟಿ ಅಂಟಿಸಿದ್ದಾರಲ್ಲ. ಕಾಲೇಜಿನಲ್ಲಿ ಕಪ್ಪೆಯ ನರಮಂಡಲ ಬಿಡಿಸಿದವಳಿಗೆ ಇದೇನು ಮಹಾ. ನಕ್ಷೆಯಲ್ಲಿದ್ದ ಒಂದು ಡಬ್ಬಿ ಮಾತ್ರ ಇಂಜಿನ್ನಿನಲ್ಲಿ ಎಲ್ಲೂ ಕಾಣಲಿಲ್ಲ. ಆ ಪೈಪಿನ ಬಾಯಿಗೆ ಬೋಲ್ಟ್ ತುರುಕಿದೆ.

ಸ್ಟಾರ್ಟ್ ಆಯಿತು. ಒದ್ದೆ ನಾಯಿಯ ಹಾಗೆ ಮೈಯೆಲ್ಲ ಒದರಿ ನಿಂತುಬಿಟ್ಟಿತು. ನಾಲ್ಕು ಸಲವೂ ಹಾಗೇ.

ಹಳೆಯ ಪೈಪುಗಳನ್ನು ಕೊಳಕು ಡೈಪರುಗಳ ಜೊತೆ ಕಟ್ಟಿ ಎಸೆದೆ. ಯಾಕೆ ಬಚ್ಚಿಟ್ಟೆ? ಗೊತ್ತು. ಹೋದ ತಿಂಗಳು ನನ್ನ ಗಂಡ ಕರ್ಟ್ ಹೇಳಿದ್ದ: "ನಿನ್ ತಲೆ ನೆಟ್ಟಗಾಗೋ ತನಕ ಮಗು ನಮ್ಮಕ್ಕನ ಹತ್ರ ಇರ್ಲಿ."

ನವೆಂಬರ್ 9

ಊಟದ ಮೇಜು. ಕರ್ಟ್: "ಅಪ್ಪಾ, ಏನ್ ಮಾಡಿಟ್ಟಿದೀಯ? ಪೈಪೆಲ್ಲಾ ಅದಲು ಬದಲು."

"ನಾನಿನ್ನೂ ಹಾಕೇ ಇಲ್ವಲ್ಲೋ."

"ಮತ್ತೆ ಹೊಸಾ ಪೈಪು ತಾವೇ ಹತ್ತಿ ಕೂತ್ಕೊಂಡ್ವಾ?"

ಮಾವ ತಮ್ಮ ಕೈಗಳನ್ನು ನೋಡಿಕೊಂಡರು. ಬೇಸಿಗೆಯಲ್ಲಿ ಎರಡು ಸಲ ಒಲೆ ಆರಿಸುವುದನ್ನು ಮರೆತಿದ್ದರು. "ಹಾಕಿದ್ನೇನೋ," ಎಂದರು.

ನಾನು ಮಗುವಿನ ಬಾಟಲಿ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ನವೆಂಬರ್ 14

ಕರ್ಟ್ ಮಾವನ ಟೂಲ್‌ಬಾಕ್ಸಿಗೆ ಬೀಗ ಹಾಕಿದ. ಟ್ರಕ್ಕಿನ ಕೀಲಿ ಅವನ ಜೇಬಿನಲ್ಲಿ. ಬುಧವಾರ ಮಾವ ಮರೆವಿನ ಪರೀಕ್ಷೆಗೆ ಡಾಕ್ಟರ್ ಹತ್ತಿರ ಹೋಗಬೇಕು, ಆಮೇಲೆ ಬಹುಶಃ ಡ್ರೈವಿಂಗ್ ಲೈಸೆನ್ಸೂ ಇಲ್ಲ. ನಲವತ್ತು ವರ್ಷ ಈ ಕಣಿವೆಯ ಕೊಯ್ಲು ಯಂತ್ರಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ.

ಪೈಪು ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯುವುದು ಅವರ ಅಭ್ಯಾಸ. ಇವತ್ತು ಅಡುಗೆಮನೆಯಲ್ಲಿ ಅದೇ ಟೇಪ್, ಅದೇ ಅಕ್ಷರ — ಕಾಫಿ. ಸಕ್ಕರೆ. ಒಲೆ ಆರಿಸು.

ಹೇಳಬೇಕು. ಅವರು ಮಾಡಿಕೊಟ್ಟ ಕಾಫಿ ಕುಡಿದೆ.

ನವೆಂಬರ್ 16. ಸಂಜೆ 4

"ಪ್ರೊಫೆಸರಮ್ಮಾ, ಬಾ ಇಲ್ಲಿ. ನನ್ ಕನ್ನಡಕ ಸಾಲ್ದು, ಈ ಚೀಟೀಲಿ ಏನಿದೆ ಓದು."

ಬಾನೆಟ್ ಎತ್ತಿ ನಿಂತಿದ್ದರು. ಓದಿದೆ. ಎಂಟು ಸಿಲಿಂಡರ್ ಎಂದಿತ್ತು. ಮೊದಲ ಸಾಲಿನಲ್ಲೇ. ಅವತ್ತು ನಾನು ನಕ್ಷೆ ಮಾತ್ರ ನೋಡಿದ್ದೆ.

"ನಮ್ದು ಆರು," ಎಂದರು ಮಾವ. "ಒಂದ್ಸಲ ಜಿಂಕೆ ಗುದ್ದಿ ಬಾನೆಟ್ ಹಾಳಾಯ್ತು. ಇದು ಗುಜರೀದು, ಬೇರೆ ಟ್ರಕ್ಕಿಂದು. ತಂದೋನು ನಾನೇ. ಈ ಚೀಟೀನ ನಾನ್ಯಾಕೆ ನಂಬ್ಲಿ?" ಪೈಪುಗಳ ಮೇಲೆ ಬೆರಳಾಡಿಸಿದರು. "ಹಾಕಿದೋರು ಮಾತ್ರ ಚೀಟೀಲಿದ್ದ ಹಾಗೇ ಹಾಕಿದಾರೆ. ಪರೀಕ್ಷೆ ಬರೆದ ಹಾಗೆ."

ನಾನು ತುರುಕಿದ್ದ ಬೋಲ್ಟ್ ಆ ಪೈಪಿನ ಬಾಯಲ್ಲೇ ಇತ್ತು.

"ಒಂದೇ ಮಾತು ಹೇಳು, ಮಗಳೇ. ನಾನಲ್ಲ, ಅಲ್ವಾ?"

"ನೀವಲ್ಲ."

ಬಂಪರಿನ ಮೇಲೆ ಕೂತರು. "ಸಕ್ಕರೆ ಡಬ್ಬಿಗೂ ಟೇಪ್ ಹಚ್ಚಿಬಿಟ್ಟೆ ನೋಡು," ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ಒಂದೊಂದಾಗಿ ಸರಿಮಾಡಿದೆವು. ಅವರು ಹೇಳಿದರು, ನಾನು ಹಾಕಿದೆ. ಸ್ಟಾರ್ಟ್ ಮಾಡಿ ನೋಡಲು ಕೀಲಿಯಿಲ್ಲ. "ನಾನ್ ಕೇಳಿದ್ರೆ ಅವ್ನು ಕೊಡಲ್ಲ," ಎಂದರು. ಅಷ್ಟೇ ಹೇಳಿದ್ದು.

5.20

ಕರ್ಟ್‌ನ ಕಾರು ಅಂಗಳಕ್ಕೆ ಬಂತು. ಹೇಳಬೇಕಾದದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ, ಬಾಯಿ ತಡವರಿಸದ ಹಾಗೆ. ಡೆಲ್ಲಾ ತೊಡೆಯ ಮೇಲಿದ್ದಾಳೆ, ಎದ್ದೇ ಇದ್ದಾಳೆ.

ಕರ್ಟ್, ಕೀಲಿ ನಿಮ್ಮಪ್ಪನಿಗೆ ಕೊಡು. ಆ ಸೋಮವಾರ ಪೈಪು ಹಾಕಿದ್ದು —